ಕೋನ್ ಫಿಲ್ಟರ್ ಹಾಕಿಸಿದ್ರಾ? ಜೆಟ್ ಬದಲಾಯಿಸದೆ ಓಡಿಸಿದ್ರೆ ಬೋರ್‌ಗೇ ಪೆಟ್ಟು

ಹಾಸನ: ಹಳೇ ಆರ್‌ಎಕ್ಸ್ 100 ಇರಲಿ, ದಿನಾ ಡೇರಿಗೆ ಹಾಲಿನ ಕ್ಯಾನ್ ಹೊರುವ ಸ್ಪ್ಲೆಂಡರ್ ಇರಲಿ, ಸೈಡ್ ಪ್ಯಾನಲ್ ಒಳಗಿನ ಫಿಲ್ಟರ್ ಡಬ್ಬಿ ಕಿತ್ತು ಹಾಕಿ ಕಾರ್ಬೊರೇಟರ್ ಬಾಯಿಗೆ ನೇರವಾಗಿ ಕೋನ್ ಫಿಲ್ಟರ್ ಸಿಕ್ಕಿಸೋದು ನಮ್ಮ ಕಡೆ ಹುಡುಗರಿಗೆ ಮಾಮೂಲಿ ಆಗಿಬಿಟ್ಟಿದೆ. ಅಂಗಡಿಯಲ್ಲಿ ಸಿಗುತ್ತೆ, ಹಾಕೋಕೆ ಒಂದು ಕ್ಲಿಪ್ ಸಾಕು, ರೇಸ್ ಕೊಟ್ಟಾಗ 'ಗೊರ್' ಅಂತ ಸೌಂಡ್ ಬರುತ್ತೆ. ಮೊದಲ ಎರಡು ದಿನ ಖುಷಿಯೋ ಖುಷಿ. ಮೂರನೇ ದಿನದಿಂದ ಶುರುವಾಗುತ್ತೆ ನೋಡಿ: ಬೆಳಗ್ಗೆ ಸ್ಟಾರ್ಟ್ ಆಗಲ್ಲ, ಎಕ್ಸಲೇಟರ್ ಬಿಟ್ಟ ತಕ್ಷಣ ಸೈಲೆನ್ಸರ್‌ನಲ್ಲಿ ಪಟಪಟ ಪಟಾಕಿ, ಏರಿನಲ್ಲಿ ಮಿಸ್ಸಿಂಗ್, ಇಂಜಿನ್ ಮುಟ್ಟೋಕಾಗದಷ್ಟು ಬಿಸಿ.

ಆಮೇಲೆ ಮೆಕ್ಯಾನಿಕ್ ಹತ್ರ ಹೋದ್ರೆ ಅವರು ಕಾರ್ಬೊರೇಟರ್ ಪಕ್ಕದ ಸ್ಕ್ರೂ ಒಂದನ್ನು ಆ ಕಡೆ ಈ ಕಡೆ ತಿರುಗಿಸಿ, ನಿಂತ ಜಾಗದಲ್ಲೇ ನಾಲ್ಕು ಸಲ ರೇಸ್ ಕೊಟ್ಟು 'ಸರಿ ಆಯ್ತು ಹೋಗಿ' ಅಂತಾರೆ. ಎಲ್ಲರೂ ಹಾಗಲ್ಲ, ಜೆಟ್ ಕೈಗೆ ತಗೊಂಡು ನಂಬರ್ ನೋಡುವ ಒಳ್ಳೆ ಕೈಗಳೂ ನಮ್ಮ ಜಿಲ್ಲೆಯಲ್ಲಿವೆ. ಆದರೆ ಆ ಸ್ಕ್ರೂ ತಿರುಗಿಸಿದ್ರೆ ಯಾವುದು ಸರಿ ಆಗುತ್ತೆ, ಯಾವುದು ಆಗಲ್ಲ ಅನ್ನೋದು ಗಾಡಿ ಓನರ್‌ಗೂ ಗೊತ್ತಿದ್ರೆ ಒಳ್ಳೇದು. ದುಡ್ಡು ಹೋಗೋದು ಅವರದ್ದೇ ತಾನೇ.

ಚೋಕ್ ಗೊತ್ತಿದ್ರೆ ಇದೂ ಗೊತ್ತಾಗುತ್ತೆ

ಪೆಟ್ರೋಲ್ ಉರಿಯೋಕೆ ಗಾಳಿ ಬೇಕು. ಎಷ್ಟು? ತೂಕದ ಲೆಕ್ಕದಲ್ಲಿ 1 ಭಾಗ ಪೆಟ್ರೋಲ್‌ಗೆ 14.7 ಭಾಗ ಗಾಳಿ. ಇದನ್ನು ಲೀಟರ್ ಲೆಕ್ಕಕ್ಕೆ ತಂದ್ರೆ 1 ಲೀಟರ್ ಪೆಟ್ರೋಲ್‌ಗೆ ಹತ್ತಿರ ಹತ್ತಿರ 9 ಸಾವಿರ ಲೀಟರ್ ಗಾಳಿ. ಅಂದ್ರೆ ಮನೆ ತಾರಸಿ ಮೇಲಿರುವ 1 ಸಾವಿರ ಲೀಟರ್ ನೀರಿನ ಟ್ಯಾಂಕ್ ಇದೆಯಲ್ಲ, ಅಂಥ ಒಂಬತ್ತು ಟ್ಯಾಂಕ್ ತುಂಬುವಷ್ಟು ಗಾಳಿ ನಿಮ್ಮ ಫಿಲ್ಟರ್ ಮೂಲಕ ಹೋಗುತ್ತೆ, ಒಂದೇ ಒಂದು ಲೀಟರ್ ಪೆಟ್ರೋಲ್ ಮುಗಿಯೋದರೊಳಗೆ. ಪೆಟ್ರೋಲ್ ಇದಕ್ಕಿಂತ ಕಮ್ಮಿ ಬಂದ್ರೆ 'ಲೀನ್' ಅಂತಾರೆ, ಜಾಸ್ತಿ ಬಂದ್ರೆ 'ರಿಚ್'. ಜೋರಾಗಿ ಎಳೆಯುವಾಗ ಇಂಜಿನ್‌ಗೆ ಸ್ವಲ್ಪ ರಿಚ್ ಇರಬೇಕು, 12.5ರಿಂದ 13ರ ಸುಮಾರು.

ಕಾರ್ಬೊರೇಟರ್ ಈ ಲೆಕ್ಕ ಹೇಗೆ ಮಾಡುತ್ತೆ? ಅದಕ್ಕೆ ಕರೆಂಟಿಲ್ಲ, ಕಂಪ್ಯೂಟರಿಲ್ಲ. ಕೆಳಗಿನ ಬೌಲ್‌ನಲ್ಲಿ ಪೆಟ್ರೋಲ್ ನಿಂತಿರುತ್ತೆ, ಅದರ ಮೇಲೆ ಹೊರಗಿನ ಗಾಳಿಯ ಒತ್ತಡ. ಮೇಲೆ ಕೊಳವೆಯಲ್ಲಿ ಗಾಳಿ ಜೋರಾಗಿ ಓಡುವಾಗ ಅಲ್ಲಿ ಒತ್ತಡ ಕಮ್ಮಿಯಾಗುತ್ತೆ. ಈ ಎರಡು ಒತ್ತಡದ ವ್ಯತ್ಯಾಸವೇ ಪೆಟ್ರೋಲನ್ನು ಜೆಟ್ ತೂತಿನಿಂದ ಮೇಲಕ್ಕೆ ತಳ್ಳೋದು.

ಈಗ ಚೋಕ್ ನೆನಪು ಮಾಡ್ಕೊಳ್ಳಿ. ಹಳೇ ಗಾಡಿಗಳಲ್ಲಿ ಚೋಕ್ ಎಳೆದ್ರೆ ಕಾರ್ಬೊರೇಟರ್ ಬಾಯಿಗೆ ಒಂದು ಮುಚ್ಚಳ ಅಡ್ಡ ಬರುತ್ತೆ. ಬಾಯಿ ಕಟ್ಟಿದಾಗ ಒಳಗೆ ಎಳೆತ ಜಾಸ್ತಿಯಾಗಿ ಪೆಟ್ರೋಲ್ ಹೆಚ್ಚು ಬರುತ್ತೆ. ಕಂಪನಿ ಕೊಟ್ಟ ಫಿಲ್ಟರ್ ಡಬ್ಬಿ, ಅದರ ಸಣ್ಣ ಮೂತಿ, ಒಳಗಿನ ಪೇಪರ್, ಇವೆಲ್ಲ ಸೇರಿ ಯಾವಾಗಲೂ ಸ್ವಲ್ಪ ಎಳೆದಿಟ್ಟ ಚೋಕ್ ಇದ್ದ ಹಾಗೆ. ಕಂಪನಿಯವರು ಜೆಟ್ ಸೈಜ್ ಇಟ್ಟಿದ್ದೇ ಆ ಅಡ್ಡಿಯನ್ನೂ ಲೆಕ್ಕಕ್ಕೆ ಹಿಡಿದು. ನೀವು ಡಬ್ಬಿ ಕಿತ್ತರೆ ಆ ಚೋಕ್ ಪೂರ್ತಿ ಹೋಯ್ತು. ಗಾಳಿ ಸಲೀಸಾಗಿ ಬರುತ್ತೆ, ಎಳೆತ ಕಮ್ಮಿಯಾಗುತ್ತೆ, ಪೆಟ್ರೋಲ್ ಹಿಂದೆ ಬೀಳುತ್ತೆ. 'ಗಾಳಿ ಜಾಸ್ತಿ ಹೋದ್ರೆ ಪೆಟ್ರೋಲೂ ತಾನಾಗೇ ಜಾಸ್ತಿ ಬರುತ್ತೆ ಬಿಡು' ಅನ್ನೋ ಮಾತು ಅರ್ಧ ನಿಜ. ಬರುತ್ತೆ, ಆದರೆ ಸಾಲುವಷ್ಟು ಬರಲ್ಲ.

ಲೀನ್ ಆದ್ರೆ ಏನಾಗುತ್ತೆ

ಉರಿ ನಿಧಾನವಾಗುತ್ತೆ, ಬಿಸಿ ಏರುತ್ತೆ. ಒಳಗೆ ಬರುವ ಪೆಟ್ರೋಲ್ ಬರೀ ಉರಿಯೋಕಲ್ಲ, ಆವಿಯಾಗುವಾಗ ಪಿಸ್ಟನ್ ತಲೆಯನ್ನು ತಣ್ಣಗೂ ಮಾಡುತ್ತೆ. ಆ ಕೆಲಸ ನಿಂತು ಹೋಗುತ್ತೆ. ಫೋರ್ ಸ್ಟ್ರೋಕ್ ಗಾಡಿಯಾದ್ರೆ ವಾಲ್ವ್ ಸುಡಬಹುದು, ಮೈಲೇಜ್ ಏರುವ ಬದಲು ಇಳಿಯಬಹುದು. ಪಿಕಪ್ ಇಲ್ಲ ಅಂತ ನೀವೇ ಕೈ ಜಾಸ್ತಿ ತಿರುಗಿಸ್ತೀರಲ್ಲ, ಅದಕ್ಕೆ.

ಟೂ ಸ್ಟ್ರೋಕ್‌ನಲ್ಲಿ ಕಥೆ ಬೇರೆ. ಪಿಸ್ಟನ್ ಊದಿಕೊಂಡು ಬೋರ್‌ಗೆ ಕಚ್ಚಿಕೊಳ್ಳುತ್ತೆ, ಅದೇ 'ಸೀಜ್' ಅನ್ನೋದು. ಹಳೇ ಯೆಜ್ಡಿ ಥರ ಪೆಟ್ರೋಲ್‌ಗೇ ಆಯಿಲ್ ಕಲಸಿ ಓಡಿಸುವ ಗಾಡಿಯಲ್ಲಂತೂ ಪೆಟ್ರೋಲ್ ಕಮ್ಮಿಯಾದ್ರೆ ಆಯಿಲೂ ಕಮ್ಮಿಯಾದಂತೆಯೇ. ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿ ಬಾಗಿಲು ಹಾಕಿ ಎಷ್ಟೋ ವರ್ಷ ಆಯ್ತು, ಒಳ್ಳೇ ಬೋರ್, ಪಿಸ್ಟನ್ ಹುಡುಕೋದು ಎಷ್ಟು ಕಷ್ಟ ಅಂತ ಯೆಜ್ಡಿ ಇಟ್ಕೊಂಡಿರೋರನ್ನೇ ಕೇಳಿ. ಇದಕ್ಕಿಂತ ಭಯ ಇನ್ನೊಂದಿದೆ. ಹೈವೇಯಲ್ಲಿ 70ರಲ್ಲಿ ಹೋಗುವಾಗ ಇಂಜಿನ್ ಸೀಜ್ ಆದ್ರೆ ಹಿಂದಿನ ಚಕ್ರ ಒಮ್ಮೆಲೇ ಲಾಕ್ ಆಗುತ್ತೆ, ಹಿಂದೆ ಲಾರಿ ಇರುತ್ತೆ. ಅದಕ್ಕೇ ಹಳೇ ಟೂ ಸ್ಟ್ರೋಕ್ ಸವಾರರು ಎಡಗೈಯ ಎರಡು ಬೆರಳು ಸದಾ ಕ್ಲಚ್ ಮೇಲೆ ಇಟ್ಟಿರ್ತಾರೆ. ಇಂಜಿನ್ ಸದ್ದು ಬಿಗಿಯಾದಂತೆ ಅನಿಸಿದ ಕ್ಷಣ ಕ್ಲಚ್ ಹಿಡೀರಿ, ಬ್ರೇಕ್ ಆಮೇಲೆ.

ಆ ಒಂದು ಸ್ಕ್ರೂ ಯಾವ ಕೆಲಸಕ್ಕೆ

ಕಾರ್ಬೊರೇಟರ್ ಒಳಗೆ ಪೆಟ್ರೋಲ್ ಬರೋ ದಾರಿ ಒಂದಲ್ಲ, ಮೂರು. ಎಕ್ಸಲೇಟರ್ ಎಷ್ಟು ತಿರುಗಿಸಿದ್ದೀರಿ ಅನ್ನೋದರ ಮೇಲೆ ಯಾವ ದಾರಿ ಕೆಲಸ ಮಾಡುತ್ತೆ ಅನ್ನೋದು ನಿಂತಿದೆ. ಸ್ಲೋನಿಂದ ಕಾಲು ಭಾಗದವರೆಗೆ ಪೈಲಟ್ ಜೆಟ್ ಮತ್ತು ಆ ಪಕ್ಕದ ಸ್ಕ್ರೂ. ಕಾಲಿನಿಂದ ಮುಕ್ಕಾಲು ಭಾಗದವರೆಗೆ ಸ್ಲೈಡ್‌ನಲ್ಲಿ ನೇತಾಡುವ ನೀಡಲ್. ಮುಕ್ಕಾಲಿನ ಮೇಲೆ ಮೇನ್ ಜೆಟ್. ಒಂದರ ಗಡಿ ಇನ್ನೊಂದರೊಳಗೆ ಸ್ವಲ್ಪ ಹೋಗುತ್ತೆ, ಗೆರೆ ಎಳೆದ ಹಾಗೆ ಇರಲ್ಲ.

ಅಂದ್ಮೇಲೆ ನಿಂತ ಗಾಡಿಯಲ್ಲಿ ಸ್ಕ್ರೂ ತಿರುಗಿಸಿದ್ರೆ ಸ್ಲೋ ಮಾತ್ರ ಸರಿಯಾಗುತ್ತೆ. ಎರಡು ಸಿಲಿಂಡರ್ ಗ್ಯಾಸ್ ಕಟ್ಕೊಂಡು ಏರು ಹತ್ತುವಾಗ ಕೆಲಸ ಮಾಡೋದು ನೀಡಲ್ಲು, ಮೇನ್ ಜೆಟ್ಟು. ಅಲ್ಲಿ ಗಾಡಿ ಲೀನ್ ಆಗಿಯೇ ಇರುತ್ತೆ, ನಿಮಗೆ ಗೊತ್ತೇ ಆಗಲ್ಲ.

ಸರಿ ಮಾಡೋದು ಹೇಗೆ

ಮೊದಲು ಬೇರೆ ಅನುಮಾನ ಕಳ್ಕೊಳ್ಳಿ. ಹೊಸ ಪ್ಲಗ್ ಹಾಕಿ. ಫೋರ್ ಸ್ಟ್ರೋಕ್ ಆದ್ರೆ ಟ್ಯಾಪೆಟ್ ನೋಡಿಸಿ. ಕಾರ್ಬೊರೇಟರ್‌ನಿಂದ ಇಂಜಿನ್‌ಗೆ ಹೋಗುವ ರಬ್ಬರ್ ಪೈಪ್ ಬಿರುಕು ಬಿಟ್ಟಿದ್ರೆ ಅಲ್ಲಿಂದ ಕದ್ದು ಗಾಳಿ ಹೋಗುತ್ತೆ, ಆಗ ಯಾವ ಜೆಟ್ ಹಾಕಿದ್ರೂ ಪ್ರಯೋಜನ ಇಲ್ಲ. ಸ್ಲೋನಲ್ಲಿ ಬಿಟ್ಟು ಆ ಜಾಯಿಂಟ್ ಮೇಲೆ ಸೋಪು ನೀರು ಚಿಮುಕಿಸಿ, ಇಂಜಿನ್ ಸದ್ದು ಬದಲಾದ್ರೆ ಲೀಕ್ ಇದೆ ಅಂತ. ಕೆಲವರು ಪೆಟ್ರೋಲ್ ಚಿಮುಕಿಸಿ ನೋಡ್ತಾರೆ, ಬಿಸಿ ಇಂಜಿನ್ ಮೇಲೆ ಆ ಸಾಹಸ ಬೇಡ.

ಆಮೇಲೆ ಎಕ್ಸಲೇಟರ್ ಗ್ರಿಪ್ ಮೇಲೆ ಬಿಳಿ ಟೇಪ್ ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಅಂತ ಪೆನ್ನಲ್ಲಿ ಗೆರೆ ಹಾಕಿ, ಪಕ್ಕದ ಸ್ವಿಚ್ ಮೇಲೂ ಒಂದು ಗೆರೆ. ತಮಾಷೆಯಂತೆ ಕಾಣುತ್ತೆ, ಆದರೆ ಇದಿಲ್ಲದಿದ್ರೆ ತೊಂದರೆ ಯಾವ ದಾರಿಯಲ್ಲಿದೆ ಅಂತ ಹೇಳೋಕಾಗಲ್ಲ.

ಶುರು ಮಾಡಬೇಕಾದ್ದು ಮೇನ್ ಜೆಟ್‌ನಿಂದ. ಬೌಲ್ ಬಿಚ್ಚಿದ್ರೆ ನಡುವೆ ಹಿತ್ತಾಳೆಯ ಜೆಟ್ ಕಾಣುತ್ತೆ, ಅದರ ಮೇಲೆ ನಂಬರ್ ಕೊರೆದಿರುತ್ತೆ. ನಂಬರ್ ದೊಡ್ಡದಾದಷ್ಟೂ ತೂತು ದೊಡ್ಡದು. ಈಗಿರುವ ನಂಬರ್ ಬರೆದಿಟ್ಕೊಂಡು ಅದಕ್ಕಿಂತ ಎರಡು ಸೈಜ್ ಮೇಲಿನದ್ದು ಹಾಕಿ. ರಿಚ್ ಕಡೆಯಿಂದ ಕೆಳಗೆ ಇಳಿಯೋದು ಸೇಫ್. ರಿಚ್ ಆದ್ರೆ ಹೊಗೆ ಬರುತ್ತೆ, ಪ್ಲಗ್ ಕಪ್ಪಾಗುತ್ತೆ, ಅಷ್ಟೇ. ಲೀನ್ ಕಡೆಯಿಂದ ಹತ್ತೋಕೆ ಹೋದ್ರೆ ಒಂದೇ ತಪ್ಪಿಗೆ ಪಿಸ್ಟನ್ ಹೋಗಬಹುದು. ಮಿಕುನಿ ಜೆಟ್ ನಂಬರಿಗೂ ಕೇಹಿನ್ ಜೆಟ್ ನಂಬರಿಗೂ ತಾಳೆ ಹಾಕೋಕೆ ಹೋಗ್ಬೇಡಿ, ಎರಡರ ಅಳತೆ ಕ್ರಮವೇ ಬೇರೆ. ನಿಮ್ಮ ಕಾರ್ಬೊರೇಟರ್ ಯಾವ ಕಂಪನಿಯದೋ ಅದೇ ಜೆಟ್ ಕೇಳಿ.

ಇನ್ನೊಂದು ಕೆಟ್ಟ ರೂಢಿ ಇದೆ, ಜೆಟ್ ತೂತಿಗೆ ತಂತಿಯೋ ಸೂಜಿಯೋ ತೂರಿಸಿ ದೊಡ್ಡದು ಮಾಡೋದು. ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಕೊರೆದ ತೂತದು. ಒಂದು ಸಲ ಕೆರೆದ್ರೆ ಅದು ಎಷ್ಟು ನಂಬರ್ ಜೆಟ್ ಅಂತ ದೇವರಿಗೂ ಗೊತ್ತಾಗಲ್ಲ. ಹೊಸ ಜೆಟ್‌ಗೆ ಬೋರಿಂಗ್ ಖರ್ಚಿನ ಒಂದು ಚೂರೂ ಆಗಲ್ಲ, ಅಲ್ಲಿ ಜುಗ್ಗತನ ಮಾಡ್ಬೇಡಿ.

ಟೆಸ್ಟ್ ಮಾಡೋಕೆ ಹೈವೇಗೆ ಹೋಗಿ ಫುಲ್ ಎಳೀಬೇಡಿ. ಜನ ಇಲ್ಲದ ಒಂದು ಉದ್ದದ ಏರು ಸಾಕು. ಮೂರನೇ ಗೇರ್‌ನಲ್ಲಿ ಏರು ಹತ್ತಿಸಿದ್ರೆ ಸ್ಪೀಡ್ ಜಾಸ್ತಿ ಇಲ್ಲದೆಯೇ ಫುಲ್ ಎಕ್ಸಲೇಟರ್ ಸಿಗುತ್ತೆ. ಫುಲ್ ಕೊಟ್ಟಿರುವಾಗ ಸ್ವಲ್ಪವೇ ಸ್ವಲ್ಪ ಹಿಂದಕ್ಕೆ ಬಿಡಿ. ಬಿಟ್ಟ ತಕ್ಷಣ ಗಾಡಿ ಇನ್ನೂ ಚೆನ್ನಾಗಿ ಎಳೆದಂತೆ ಅನಿಸಿದ್ರೆ ಮೇನ್ ಜೆಟ್ ಚಿಕ್ಕದಾಯ್ತು ಅಂತ ಅರ್ಥ. ಎಳೆಯೋಕೇ ಆಗದೆ 'ಬ್ವಾ' ಅಂತ ಭಾರವಾಗಿ ಕೂಗಿದ್ರೆ ದೊಡ್ಡದಾಯ್ತು, ಒಂದು ಸೈಜ್ ಇಳಿಸಿ.

ಪ್ಲಗ್ ನೋಡೋದು ಇದೇ ಹೊತ್ತಲ್ಲಿ. ಫುಲ್‌ನಲ್ಲಿರುವಾಗಲೇ ಕ್ಲಚ್ ಹಿಡಿದು ಇಂಜಿನ್ ಆಫ್ ಮಾಡಿ, ಪಕ್ಕಕ್ಕೆ ನಿಲ್ಲಿಸಿ, ಪ್ಲಗ್ ಬಿಚ್ಚಿ. ಬರಿಗೈಯಲ್ಲಿ ಮುಟ್ಟಬೇಡಿ, ಸುಡುತ್ತೆ. ಒಳಗಿನ ಬಿಳಿ ಪಿಂಗಾಣಿ ಭಾಗ ತಿಳಿ ಕಂದು, ಹಾಲು ಹಾಕಿದ ಟೀ ಬಣ್ಣ ಇದ್ರೆ ಸರಿ. ಮಸಿಯಂತೆ ಒಣ ಕಪ್ಪಿದ್ರೆ ರಿಚ್. ಸುಣ್ಣ ಬಳಿದ ಹಾಗೆ ಬೆಳ್ಳಗಿದ್ರೆ ಲೀನ್, ಅಲ್ಲೇ ನಿಲ್ಲಿಸಿ, ಮುಂದೆ ಓಡಿಸ್ಬೇಡಿ. ಮನೆವರೆಗೂ ಸ್ಲೋನಲ್ಲಿ ಬಂದು ಆಮೇಲೆ ಬಿಚ್ಚಿ ನೋಡಿದ್ರೆ ಅದು ಸ್ಲೋನ ಬಣ್ಣ, ಮೇನ್ ಜೆಟ್‌ದಲ್ಲ.

ಮೇನ್ ಜೆಟ್ ಆದ್ಮೇಲೆ ನೀಡಲ್. ಅದರ ತಲೆಯಲ್ಲಿ ಸಾಮಾನ್ಯವಾಗಿ ಐದು ಗೀರುಗಳಿರುತ್ತವೆ, ಒಂದರಲ್ಲಿ ಸಣ್ಣ ಕ್ಲಿಪ್. ಇಲ್ಲಿ ಎಲ್ಲರಿಗೂ ಗೊಂದಲ: ಕ್ಲಿಪ್ ಕೆಳಗಿನ ಗೀರಿಗೆ ಹಾಕಿದ್ರೆ ನೀಡಲ್ ಮೇಲೆ ಏಳುತ್ತೆ, ಪೆಟ್ರೋಲ್ ಜಾಸ್ತಿ ಬರುತ್ತೆ. ಕ್ಲಿಪ್ ಮೇಲೆ ಹಾಕಿದ್ರೆ ಉಲ್ಟಾ. ಅರ್ಧ ಎಕ್ಸಲೇಟರ್‌ನಲ್ಲಿ ಗಾಡಿ ಮುಂದಕ್ಕೂ ಹಿಂದಕ್ಕೂ ತೂಗಿದ ಹಾಗೆ ಓಡಿದ್ರೆ ಲೀನ್, ಒಂದು ಗೀರು ಕೆಳಗೆ ಹಾಕಿ. ನಾವು ದಿನಾ ಪೇಟೆಗೆ ಹೋಗಿ ಬರೋದು ಹೆಚ್ಚಾಗಿ ಈ ಭಾಗದಲ್ಲೇ, ಹಾಗಾಗಿ ಮೈಲೇಜ್ ಬೇಕಾದವರು ಇಲ್ಲಿ ತಾಳ್ಮೆಯಿಂದ ಕೂರಬೇಕು. ಕೆಲವು ಗಾಡಿಗಳ ನೀಡಲ್‌ನಲ್ಲಿ ಗೀರೇ ಇರಲ್ಲ, ಒಂದೇ ಜಾಗ. ಅಲ್ಲಿ ಕೆಳಗೆ ತೆಳು ವಾಷರ್ ಕೊಟ್ಟು ಎತ್ತುತ್ತಾರೆ.

ಕೊನೆಗೆ ಆ ಸ್ಕ್ರೂ. ಇಂಜಿನ್ ಹತ್ತು ನಿಮಿಷ ಓಡಿಸಿ ಬಿಸಿ ಮಾಡಿ. ಸ್ಕ್ರೂ ಎಲ್ಲಿದೆ ನೋಡಿ. ಫಿಲ್ಟರ್ ಕಡೆಗಿದ್ರೆ ಅದು ಗಾಳಿ ಸ್ಕ್ರೂ, ಬಿಚ್ಚಿದಷ್ಟೂ ಲೀನ್. ಇಂಜಿನ್ ಕಡೆಗಿದ್ರೆ ಅದು ಪೆಟ್ರೋಲ್ ಸ್ಕ್ರೂ, ಬಿಚ್ಚಿದಷ್ಟೂ ರಿಚ್. ಇದನ್ನು ತಿಳಿಯದೆ ತಿರುಗಿಸಿದ್ರೆ ಸರಿ ಮಾಡೋಕೆ ಹೋಗಿ ಇನ್ನೂ ಕೆಡಿಸಿದಂತೆ. ಮೆತ್ತಗೆ ಪೂರ್ತಿ ಒಳಗೆ ಕೂರಿಸಿ (ಬಿಗಿ ಮಾಡ್ಬೇಡಿ, ಮೊನೆ ಹಾಳಾಗುತ್ತೆ), ಅಲ್ಲಿಂದ ಒಂದೂವರೆ ಸುತ್ತು ಬಿಚ್ಚಿ. ಆಮೇಲೆ ಕಾಲು ಕಾಲು ಸುತ್ತು ಆಡಿಸುತ್ತಾ ಸ್ಲೋ ಎಲ್ಲಿ ಅತಿ ಜೋರಾಗಿ, ಒಂದೇ ಸಮನೆ ಓಡುತ್ತೋ ಅಲ್ಲಿ ಬಿಡಿ. ನಂತರ ಸ್ಲೋ ಸ್ಕ್ರೂ ಇಳಿಸಿ ಮಾಮೂಲಿ ಸದ್ದಿಗೆ ತನ್ನಿ. ಗಾಳಿ ಸ್ಕ್ರೂ ಪೂರ್ತಿ ಒಳಗೆ ಹೋದ್ರೂ ಸ್ಲೋ ಸರಿ ಹೋಗಲ್ಲ ಅಂದ್ರೆ, ಅಥವಾ ಪೆಟ್ರೋಲ್ ಸ್ಕ್ರೂ ಮೂರು ಸುತ್ತು ಬಿಚ್ಚಿದ್ರೂ ಸಾಲಲ್ಲ ಅಂದ್ರೆ, ಪೈಲಟ್ ಜೆಟ್ಟೇ ಚಿಕ್ಕದಾಯ್ತು. ಅದನ್ನು ಒಂದು ಸೈಜ್ ಏರಿಸಿ.

ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರನ್ನೂ ಒಟ್ಟಿಗೆ ಬಿಚ್ಚಿದ್ರೆ ಯಾವುದರಿಂದ ಏನಾಯ್ತು ಅಂತ ತಿಳಿಯಲ್ಲ.

ರಾಜ್‌ದೂತ್ 350 ಇಟ್ಕೊಂಡಿರೋರಿಗೆ ಕೆಲಸ ಎರಡರಷ್ಟು. ಸಿಲಿಂಡರ್ ಎರಡು, ಕಾರ್ಬೊರೇಟರೂ ಎರಡು. ಎರಡಕ್ಕೂ ಒಂದೇ ಫಿಲ್ಟರ್, ಒಂದೇ ನಂಬರ್ ಜೆಟ್, ನೀಡಲ್‌ನಲ್ಲಿ ಒಂದೇ ಗೀರು. ಆಮೇಲೆ ಕೇಬಲ್ ಎಳೆದಾಗ ಎರಡು ಸ್ಲೈಡ್‌ಗಳೂ ಒಂದೇ ಕ್ಷಣಕ್ಕೆ ಮೇಲೇಳಬೇಕು. ಬಾಯಿಯೊಳಗೆ ಬೆರಳಿಟ್ಟು ಮುಟ್ಟಿ ನೋಡಿ (ಇಂಜಿನ್ ಆಫ್ ಇರುವಾಗ ಅಂತ ಬೇರೆ ಹೇಳಬೇಕಿಲ್ಲ), ಒಂದು ಮುಂಚೆ ಎದ್ದರೆ ಕೇಬಲ್ ಅಡ್ಜಸ್ಟರ್‌ನಲ್ಲಿ ಸಮ ಮಾಡಿ. ಪ್ಲಗ್ ಎರಡನ್ನೂ ನೋಡಿ, ಒಂದು ಟೀ ಬಣ್ಣ ಇನ್ನೊಂದು ಬಿಳಿ ಇದ್ದರೆ ಕೆಲಸ ಮುಗಿದಿಲ್ಲ.

ಬಾಯಲ್ಲಿ ದುಂಡನೆ ಸ್ಲೈಡ್ ಬದಲು ಮೇಲೆ ರಬ್ಬರ್ ಡಯಾಫ್ರಂ ಇರುವ ಸಿವಿ ಕಾರ್ಬೊರೇಟರ್ ಗಾಡಿಗಳಿಗೆ ಕೋನ್ ಫಿಲ್ಟರ್ ಅಷ್ಟಾಗಿ ಒಗ್ಗಲ್ಲ. ಅಲ್ಲಿ ಸ್ಲೈಡ್ ಎತ್ತೋದು ಕೇಬಲ್ ಅಲ್ಲ, ಗಾಳಿಯ ಒತ್ತಡವೇ. ಡಬ್ಬಿ ಕಿತ್ತರೆ ಆ ಒತ್ತಡ ಏರುಪೇರಾಗಿ ನಡುವೆ ಒಂದು ಕಡೆ ಪಿಕಪ್ ಸತ್ತ ಹಾಗಾಗುತ್ತೆ, ಜೆಟ್‌ನಿಂದ ಅದು ಪೂರ್ತಿ ಹೋಗೋದು ಕಷ್ಟ. ಇಂಥ ಗಾಡಿಗೆ ಡಬ್ಬಿ ಹಾಗೇ ಬಿಟ್ಟು, ಒಳಗೆ ಕೂರುವ ಒಳ್ಳೇ ಫಿಲ್ಟರ್ ಹಾಕಿಸೋದೇ ಜಾಣತನ.

ರಾಗಿ ಹುಲ್ಲಿನ ಧೂಳು, ಶಿರಾಡಿ ಮಳೆ

ನನ್ನ ಕೇಳಿದ್ರೆ ದಿನಾ ದುಡಿಯುವ ಗಾಡಿಗೆ ಕೋನ್ ಫಿಲ್ಟರ್ ಬೇಡವೇ ಬೇಡ. ನಮ್ಮಲ್ಲಿ ಸುಗ್ಗಿ ಬಂದ್ರೆ ಅರ್ಧ ರಸ್ತೆಯಲ್ಲಿ ರಾಗಿ ಹುಲ್ಲು, ಹುರುಳಿ ಹಾಸಿ ಒಕ್ಕಣೆ. ಅದರ ಮೇಲೆ ಹತ್ತಿಸಿಕೊಂಡೇ ಹೋಗಬೇಕು. ಜಲ್ಲಿ ಕ್ರಷರ್ ಹತ್ತಿರದ ರಸ್ತೆಯಂತೂ ಹೇಳೋದೇ ಬೇಡ. ಕಲ್ಲಿನ ಧೂಳು ಬೋರ್ ಒಳಗೆ ಹೋದ್ರೆ ಉಪ್ಪುಕಾಗದದ ಕೆಲಸ ಮಾಡುತ್ತೆ. ಕಡಿಮೆ ಬೆಲೆಯ ಕೋನ್ ಫಿಲ್ಟರ್ ಬೆಳಕಿಗೆ ಹಿಡಿದು ನೋಡಿ, ಆಚೆ ಕಡೆ ಕಾಣುತ್ತೆ. ಹಾಕಿಸಿಯೇ ಇದ್ದೀರಿ ಅಂದ್ರೆ ಕಾರ್ಬೊರೇಟರ್ ಬಾಯಿಯ ಒಳಗೋಡೆಗೆ ತೆಳುವಾಗಿ ಗ್ರೀಸ್ ಸವರಿ ನೂರಿನ್ನೂರು ಕಿಲೋಮೀಟರ್ ಓಡಿಸಿ, ಬೆರಳಲ್ಲಿ ಒರೆಸಿ ನೋಡಿ. ಕೈಗೆ ಮರಳಿನಂತೆ ಸಿಕ್ಕಿದ್ರೆ ಅದೇ ದಿನ ಕಿತ್ತು ಹಾಕಿ.

ಮಳೆಗಾಲದಲ್ಲಿ ಸಕಲೇಶಪುರ ದಾಟಿ ಶಿರಾಡಿ ಇಳಿಯುವವರು ಫಿಲ್ಟರ್‌ಗೆ ನೀರು ಹೊಡೆಯದ ಹಾಗೆ ಮರೆ ಮಾಡ್ಕೊಳ್ಳಿ. ಘಾಟಿಯ ಇನ್ನೊಂದು ವಿಷಯ: ಹಾಸನ ಸಮುದ್ರ ಮಟ್ಟದಿಂದ ಹತ್ತತ್ರ ಸಾವಿರ ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿ ಮಂಗಳೂರಿಗಿಂತ ಸುಮಾರು ಶೇ. 10ರಷ್ಟು ತೆಳು. ಇಲ್ಲಿ ಅಳತೆಗೆ ಸರಿಯಾಗಿ ಕೂರಿಸಿದ ಜೆಟ್ ಅಲ್ಲಿ ಇಳಿದಾಗ ಲೀನ್ ಕಡೆಗೆ ವಾಲುತ್ತೆ. ಟೂ ಸ್ಟ್ರೋಕ್‌ನವರು ಕರಾವಳಿಗೆ ಹೋಗುವ ಅಭ್ಯಾಸ ಇದ್ರೆ ಕೊಂಚ ರಿಚ್ ಇಟ್ಕೊಳ್ಳೋದು ಮೇಲು.

ಪೆಟ್ರೋಲೂ ಈಗ ಮೊದಲಿನಂತಿಲ್ಲ. ಬಂಕ್‌ನಲ್ಲಿ ಸಿಗೋದರಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತೆ. ಎಥೆನಾಲ್‌ಗೆ ಬೇಕಾದ ಗಾಳಿ ಕಮ್ಮಿ, 1ಕ್ಕೆ 9 ಮಾತ್ರ. ಮಿಶ್ರಣದ ಲೆಕ್ಕ 13.5ರ ಆಸುಪಾಸಿಗೆ ಬರುತ್ತೆ. ಅಂದ್ರೆ ಹಿಂದೆ ಬರೀ ಪೆಟ್ರೋಲ್‌ಗೆ ಸರಿ ಮಾಡಿಟ್ಟ ಕಾರ್ಬೊರೇಟರ್ ಏನೂ ಮುಟ್ಟದೆಯೇ ಶೇ. 7-8ರಷ್ಟು ಲೀನ್ ಆಗಿದೆ. ಅದರ ಮೇಲೆ ಕೋನ್ ಫಿಲ್ಟರ್ ಬೇರೆ ಹಾಕಿದ್ರೆ ಎರಡು ಕಡೆಯಿಂದ ಹೊಡೆತ. 'ನಮ್ಮ ಅಣ್ಣ ಹತ್ತು ವರ್ಷದ ಹಿಂದೆ ಇದೇ ಫಿಲ್ಟರ್ ಹಾಕಿದ್ದ, ಏನೂ ಆಗಿರ್ಲಿಲ್ಲ' ಅನ್ನೋರು ಇದನ್ನು ಗಮನಿಸಿ.

ಪೊಲೀಸು, ಎಮಿಷನ್ನು

ಗಾಡಿಯನ್ನು ಅನುಮತಿಯಿಲ್ಲದ ರೀತಿಯಲ್ಲಿ ಬದಲಾಯಿಸಿದ್ರೆ ಮೋಟಾರು ವಾಹನ ಕಾಯ್ದೆಯ 182ಎ(4) ಪ್ರಕಾರ ಓನರ್‌ಗೆ ಒಂದೊಂದು ಬದಲಾವಣೆಗೆ 5 ಸಾವಿರ ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ. 2019ರ ತಿದ್ದುಪಡಿಯಲ್ಲಿ ಬಂದ ನಿಯಮ ಇದು. ಸೌಂಡ್, ಹೊಗೆಗೆ ಬೇರೆಯೇ ಸೆಕ್ಷನ್ ಇದೆ. ಫಿಲ್ಟರ್ ಒಂದಕ್ಕೇ ಹಿಡಿಯೋದು ಕಮ್ಮಿ, ಆದರೆ ಸೈಲೆನ್ಸರ್‌ಗೆ ಕೈ ಅಡ್ಡ ಹಾಕಿದವರ ಕಣ್ಣಿಗೆ ಹೊರಗೆ ಇಣುಕುವ ಕೆಂಪು ಫಿಲ್ಟರೂ ಬೀಳುತ್ತೆ.

ಎಮಿಷನ್ ಟೆಸ್ಟ್ ಅಂದ್ರೆ ಬರೀ ಸರ್ಟಿಫಿಕೇಟ್ ಅಂದ್ಕೋಬೇಡಿ, ಅದರಲ್ಲಿ ನಿಮಗೆ ಬೇಕಾದ ಲೆಕ್ಕ ಇದೆ. ಸಿಒ ಅನ್ನೋ ಸಾಲು ನೋಡಿ. 2000ರ ಮಾರ್ಚ್ 31ಕ್ಕೆ ಮುಂಚಿನ ಗಾಡಿಗೆ ಮಿತಿ ಶೇ. 4.5, ಆಮೇಲಿನ ಹೆಚ್ಚಿನ ಗಾಡಿಗಳಿಗೆ ಶೇ. 3.5. ಮಿತಿ ದಾಟಿದ್ರೆ ಸ್ಲೋನಲ್ಲಿ ರಿಚ್. ತೀರಾ ಸೊನ್ನೆ ಹತ್ತಿರ ಬಂದು ಗಾಡಿಯೂ ನಡುಗುತ್ತಿದ್ರೆ ಲೀನ್ ಇರಬಹುದು. ಹಣ ಕೊಟ್ಟು ಹೇಗೂ ಮಾಡಿಸ್ತೀರಲ್ಲ, ಸ್ಕ್ರೂ ಅಡ್ಜಸ್ಟ್ ಮಾಡಿದ ದಿನವೇ ಮಾಡಿಸಿ. ಒಂದೇ ಮಿತಿ, ಅದು ಸ್ಲೋನ ಲೆಕ್ಕ ಮಾತ್ರ ಕೊಡುತ್ತೆ.

2020ರ ಏಪ್ರಿಲ್ 1ರಿಂದ ಬಿಎಸ್6 ಬಂದ ಮೇಲಿನ ಬಹುತೇಕ ಗಾಡಿಗಳಲ್ಲಿ ಕಾರ್ಬೊರೇಟರೇ ಇಲ್ಲ, ಇಂಜೆಕ್ಷನ್. ಅವಕ್ಕೆ ಇಲ್ಲಿ ಹೇಳಿದ್ದು ಯಾವುದೂ ಅನ್ವಯಿಸಲ್ಲ.

ಕೊನೆಗೆ ಸ್ಪೇರ್ ಪಾರ್ಟ್ಸ್ ಅಂಗಡಿಯವರಿಗೆ ಒಂದು ವಿಷಯ. ಫಿಲ್ಟರ್ ಜತೆ ಆ ಗಾಡಿಯ ಎರಡು ಮೂರು ಸೈಜ್ ಮೇನ್ ಜೆಟ್ ಇಟ್ಕೊಂಡು 'ಜೆಟ್ ಬೇಡ್ವಾ?' ಅಂತ ಒಂದು ಮಾತು ಕೇಳಿ, ವ್ಯಾಪಾರವೂ ಆಗುತ್ತೆ. 'ಪಿಕಪ್ ಇಲ್ಲ' ಅಂತ ಬರುವವರಿಗೆ ಮೊದಲು ಹಳೇ ಫಿಲ್ಟರ್ ಬಿಚ್ಚಿ ತೋರಿಸೋಕೆ ಹೇಳಿ. ಎಷ್ಟೋ ಸಲ ಅದು ಮಣ್ಣು ತುಂಬಿ ಕಟ್ಟಿರುತ್ತೆ, ಕಂಪನಿಯ ಹೊಸ ಪೇಪರ್ ಫಿಲ್ಟರ್ ಒಂದರಿಂದಲೇ ಗಾಡಿ ಸರಿ ಹೋಗುತ್ತೆ. ಆಯಿಲ್ ಹಚ್ಚಿ ಬರುವ ಜಿಗುಟು ಪೇಪರ್ ಫಿಲ್ಟರ್‌ಗೆ ಪಂಕ್ಚರ್ ಅಂಗಡಿ ಗಾಳಿ ಹೊಡೆಸಿ ಮತ್ತೆ ಹಾಕೋದು ಬೇಡ, ಅದು ಬದಲಾಯಿಸುವ ಸಾಮಾನು, ತೊಳೆಯೋದಲ್ಲ.

ಕೋನ್ ಹಾಕಿಸುವವರು ಇಂಜಿನ್‌ನಿಂದ ಹಳೇ ಡಬ್ಬಿಗೆ ಹೋಗುತ್ತಿದ್ದ ಬ್ರೀದರ್ ಪೈಪ್ ಬಾಯಿ ತೆರೆದು ಬಿಡಬೇಡಿ, ಅದಕ್ಕೂ ಒಂದು ಸಣ್ಣ ಫಿಲ್ಟರ್ ಸಿಗುತ್ತೆ. ಕಿತ್ತ ಡಬ್ಬಿ, ಹಳೇ ಜೆಟ್, ಕ್ಲಿಪ್ ಯಾವ ಗೀರಿನಲ್ಲಿತ್ತು ಅಂತ ಬರೆದ ಚೀಟಿ, ಇವನ್ನೆಲ್ಲ ಒಂದು ಕವರ್‌ಗೆ ಹಾಕಿ ಅಟ್ಟದ ಮೇಲಿಡಿ. ಗುಜರಿಗೆ ಕೊಟ್ಟ ಮೇಲೆ ಆರ್‌ಎಕ್ಸ್‌ಗೆ ಒರಿಜಿನಲ್ ಡಬ್ಬಿ ಹುಡುಕೋಕೆ ಬೆಂಗಳೂರಿನ ಜೆ.ಸಿ. ರಸ್ತೆ ಸುತ್ತಬೇಕಾಗುತ್ತೆ.